ಅಂಗಳದ ಹಲಸಿಗೆ ಬೆಲೆ ಎಷ್ಟು?



ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕುಟುಂಬ ಭೇಟಿಗೆಂದು ಆಲೆಟ್ಟಿಯ ಒಂದು ಮನೆಗೆ ಹೋಗಿದ್ದೆ. ಸುಳ್ಯ ಪೇಟೆಯಿಂದ ಪಯಸ್ವಿನಿ ಹೊಳೆ ದಾಟಿ ಕೇರಳದ ಬಂದಡ್ಕದ ಕಡೆಗೆ ಸಾಗುವ ದಾರಿ. ದೂರದಿಂದ ನೋಡುವವರಿಗೆ ಅಲ್ಲಿ ಎಲ್ಲವೂ ಹಸಿರು. ತೋಟದ ಒಳಗೆ ಕಾಲಿಟ್ಟಾಗ ಮಾತ್ರ ಬೇರೆ ಚಿತ್ರ ಕಾಣುತ್ತದೆ. ಅಡಿಕೆಯ ಸೋಗೆಗಳು ತುದಿಯಿಂದ ಹಳದಿಯಾಗಿವೆ, ಮರದ ತಲೆ ಸಣ್ಣದಾಗಿದೆ, ಎಳೆಯ ಕಾಯಿಗಳು ಬುಡದಲ್ಲಿ ಉದುರಿ ಬಿದ್ದಿವೆ. ಹಳದಿ ಎಲೆ ರೋಗ ಬಂದ ತೋಟವನ್ನು ಕಂಡವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಪ್ರಾರ್ಥನೆ ಮುಗಿಯಿತು, ಕಾಫಿ ಕುಡಿದೆವು. ಮನೆಯ ಹಿರಿಯರು ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಹಳೆಯದೊಂದು ಹಲಸಿನ ಮರದ ಕೆಳಗೆ ನಿಲ್ಲಿಸಿದರು. ಇಬ್ಬರು ಕೈ ಚಾಚಿದರೆ ಮಾತ್ರ ತಬ್ಬಿಕೊಳ್ಳಬಹುದಾದ ಮರ. ಅವರ ಅಜ್ಜ ನೆಟ್ಟದ್ದಂತೆ.

"ಫಾದರ್, ತೋಟ ಹೋಯಿತು. ಸಾಲ ಉಳಿಯಿತು. ಮರದ ವ್ಯಾಪಾರಿ ಬಂದು ನೋಡಿ ಹೋಗಿದ್ದಾನೆ. ಇದನ್ನು ಕೊಟ್ಟುಬಿಡಲೇ? ನೀವೊಂದು ಮಾತು ಹೇಳಿ" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಅವರ ಪತ್ನಿ ಹೇಳಿದರು: "ವ್ಯಾಪಾರಿ ಮರಕ್ಕೆ ಎಷ್ಟು ಕೊಡ್ತಾನೆ ಅಂತ ಇವರು ಕೇಳಿದ್ರು ಫಾದರ್. ಮರ ನಮಗೆ ಇಷ್ಟು ವರ್ಷ ಎಷ್ಟು ಕೊಟ್ಟಿದೆ ಅಂತ ಯಾರಾದ್ರೂ ಕೇಳಿದ್ರಾ?"

ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಸಾಲಗಾರನ ಸಂಕಟ ಸುಳ್ಳಲ್ಲ, ಆ ತಾಯಿಯ ಲೆಕ್ಕವೂ ಸುಳ್ಳಲ್ಲ. ಆ ದಿನ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಮರದ ಬೆಲೆ ಹೇಳಬೇಕಾದರೆ ಮೊದಲು ಮರದ ಸ್ವಭಾವ ತಿಳಿಯಬೇಕು ಎಂದು ಅನಿಸಿತು. ಅದನ್ನೇ ಈ ವಾರದ ಪಾಠವಾಗಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮರವೆಂದರೇನು?

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಕಲಿಯುವಾಗ ಸಂತ ತೋಮಸ್ ಅಕ್ವಿನಾಸರ ಒಂದು ವಿಚಾರ ನಮಗೆ ಪಾಠವಾಗಿತ್ತು. ಗ್ರೀಸಿನ ಅರಿಸ್ಟಾಟಲ್ ಹೇಳಿದ್ದನ್ನು ಅವರು ಮುಂದುವರಿಸಿದರು. ಜೀವವಿರುವ ಎಲ್ಲದರಲ್ಲೂ ಜೀವತತ್ತ್ವವಿದೆ. ಸಸ್ಯದ ಜೀವತತ್ತ್ವಕ್ಕೆ ಮೂರು ಶಕ್ತಿಗಳು: ಆಹಾರ ತೆಗೆದುಕೊಳ್ಳುವುದು, ಬೆಳೆಯುವುದು, ತನ್ನಂಥದ್ದನ್ನು ಹುಟ್ಟಿಸುವುದು. ಪ್ರಾಣಿಗೆ ಇವುಗಳ ಜೊತೆ ಇಂದ್ರಿಯಗಳಿವೆ, ಮನುಷ್ಯನಿಗೆ ಇವೆಲ್ಲದರ ಜೊತೆ ಬುದ್ಧಿಯಿದೆ. ಮರ ಈ ಏಣಿಯ ಕೆಳಗಿನ ಮೆಟ್ಟಿಲಲ್ಲಿದೆ ಎಂದು ಕೇಳಿದಾಗ ಅದು ಕೀಳು ಎಂದು ನಮಗೆ ಅನಿಸುತ್ತಿತ್ತು. ಆದರೆ ಕೆಳಗಿನ ಮೆಟ್ಟಿಲು ಮುರಿದರೆ ಮೇಲಿನವರ ಗತಿಯೇನು? ಮರಗಿಡಗಳು ನಮ್ಮನ್ನು ಬಿಟ್ಟು ಬದುಕಬಲ್ಲವು, ನಾವು ಅವುಗಳನ್ನು ಬಿಟ್ಟು ಬದುಕಲಾರೆವು.

ಮರ ಏನನ್ನು ತಿಂದು ಬೆಳೆಯುತ್ತದೆ? ಮಕ್ಕಳನ್ನು ಕೇಳಿದರೆ "ಮಣ್ಣನ್ನು" ಎನ್ನುತ್ತಾರೆ. ಹಿಂದಿನ ಕಾಲದ ಪಂಡಿತರೂ ಹಾಗೆಯೇ ತಿಳಿದಿದ್ದರು. ಬ್ರಸೆಲ್ಸಿನ ವಾನ್ ಹೆಲ್ಮೊಂಟ್ ಎಂಬ ವೈದ್ಯ ಇದನ್ನು ಪರೀಕ್ಷಿಸಿ ನೋಡಿದ. ಒಣಗಿಸಿದ 200 ಪೌಂಡು ಮಣ್ಣನ್ನು ದೊಡ್ಡ ಕುಂಡಕ್ಕೆ ಹಾಕಿ, 5 ಪೌಂಡು ತೂಗುವ ವಿಲೋ ಗಿಡವೊಂದನ್ನು ನೆಟ್ಟು, 5 ವರ್ಷ ಬರೀ ನೀರೆರೆದ. ಕೊನೆಗೆ ತೂಗಿದಾಗ ಮರ ಸುಮಾರು 169 ಪೌಂಡು ಆಗಿತ್ತು. ಮಣ್ಣಿನಲ್ಲಿ ಕಡಿಮೆಯಾಗಿದ್ದು ಸುಮಾರು 2 ಔನ್ಸು ಮಾತ್ರ. ಅವನ ಮರಣಾನಂತರ 1648ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ಸಂಗತಿಯಿದೆ. ಮರವೆಲ್ಲ ನೀರಿನಿಂದಲೇ ಆಯಿತೆಂದು ಅವನು ತೀರ್ಮಾನಿಸಿದ. ಅದು ಅರ್ಧ ಸತ್ಯ. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಎಲೆಗಳು ಹೀರಿ, ಬೇರು ತಂದ ನೀರಿನ ಜೊತೆ ಸೇರಿಸಿ, ಸೂರ್ಯನ ಬೆಳಕಿನಿಂದ ಸಕ್ಕರೆ ಮಾಡುತ್ತವೆ ಎಂಬುದು ಆಮೇಲೆ ತಿಳಿಯಿತು. ಆ ಸಕ್ಕರೆಯೇ ಮುಂದೆ ಮರವಾಗುತ್ತದೆ. ನಮ್ಮ ಮನೆಯ ತೊಲೆ, ಬಾಗಿಲು, ಬೆಂಚು ಎಲ್ಲವೂ ಒಂದು ಕಾಲದಲ್ಲಿ ಬಹುಪಾಲು ಗಾಳಿ ಮತ್ತು ನೀರಾಗಿದ್ದವು. ಹಾಗಾದರೆ ಮಣ್ಣು ಬೇಡವೇ? ಬೇಕು. ಆ 2 ಔನ್ಸಿನಲ್ಲಿ ಇದ್ದ ಲವಣಗಳಿಲ್ಲದೆ ಮರವೇ ಇಲ್ಲ. ಸಣ್ಣ ಅಳತೆಯಲ್ಲಿ ಬೇಕಾಗುವುದು ಕಡಿಮೆ ಬೆಲೆಯದಲ್ಲ ಎಂಬುದೂ ಇಲ್ಲಿ ಕಲಿಯಬೇಕಾದ ಮಾತು.

ಅಡಿಕೆ ಬೇರೆ, ಹಲಸು ಬೇರೆ

ನಮ್ಮ ಕಡೆ ರಬ್ಬರ್ ಟ್ಯಾಪಿಂಗ್ ಮಾಡುವವರು ಮರದ ಒಳರಚನೆಯನ್ನು ಪುಸ್ತಕವಿಲ್ಲದೆ ಬಲ್ಲರು. ಭಾರತ ಮತ್ತು ಶ್ರೀಲಂಕಾದ ನಡುವೆ 1964ರಲ್ಲಿ ಆದ ಒಪ್ಪಂದದಂತೆ ಅಲ್ಲಿಂದ ಮರಳಿ ಬಂದ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರ್ ತೋಟಗಳು ಅನ್ನ ಕೊಟ್ಟವು. ಅವರಲ್ಲಿ ಯಾರನ್ನಾದರೂ ಕೇಳಿ ನೋಡಿ. ಹಾಲು ಇರುವುದು ತೊಗಟೆಯಲ್ಲಿ. ತೊಗಟೆಗೂ ಮರಕ್ಕೂ ನಡುವೆ ತೆಳುವಾದ ಒಂದು ಪದರವಿದೆ. ಕತ್ತಿ ಅಲ್ಲಿಗೆ ತಾಗಬಾರದು. ತಾಗದಂತೆ ಕೊಯ್ದರೆ ತೊಗಟೆ ಮತ್ತೆ ಬರುತ್ತದೆ, ಕೆಲವು ವರ್ಷಗಳ ನಂತರ ಅದೇ ಜಾಗದಲ್ಲಿ ಪುನಃ ಟ್ಯಾಪಿಂಗ್ ಮಾಡಬಹುದು. ತಾಗಿದರೆ ಗಾಯವಾಗಿ ಅಲ್ಲಿ ಗಂಟು ಕಟ್ಟುತ್ತದೆ.

ಆ ತೆಳು ಪದರವೇ ರಬ್ಬರ್, ಹಲಸು, ಮಾವು, ತೇಗಗಳ ಬೆಳವಣಿಗೆಯ ಮನೆ. ಅದು ಒಳಗಡೆಗೆ ಮರವನ್ನೂ ಹೊರಗಡೆಗೆ ತೊಗಟೆಯನ್ನೂ ಕಟ್ಟುತ್ತದೆ. ಆದ್ದರಿಂದಲೇ ಇವು ವರ್ಷ ಹೋದ ಹಾಗೆ ದಪ್ಪವಾಗುತ್ತವೆ. ಎಲೆಯಲ್ಲಿ ಆದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಮೈಯ ಮೂಲಕ. ಆದುದರಿಂದ ಬುಡದ ಸುತ್ತಲೂ ತೊಗಟೆ ಕೆತ್ತಿ ತೆಗೆದರೆ ಎಂಥ ದೊಡ್ಡ ಮರವೂ ಬೇರು ಹಸಿದು ಸಾಯುತ್ತದೆ.

ಅಡಿಕೆಯಲ್ಲಿ ಈ ಪದರವಿಲ್ಲ. ನಾವು ಅಡಿಕೆ ಮರ ಎನ್ನುತ್ತೇವೆ, ಆದರೆ ಸಸ್ಯಶಾಸ್ತ್ರದ ಪ್ರಕಾರ ಅಡಿಕೆ, ತೆಂಗು, ತಾಳೆಗಳು ಹುಲ್ಲು ಮತ್ತು ಬಿದಿರಿನ ಕಡೆಯ ನೆಂಟರು. ಅಡಿಕೆಯ ಮೈಮೇಲೆ ಕಾಣುವ ಉಂಗುರಗಳು ಹಾಳೆ ಕಳಚಿ ಬಿದ್ದ ಗುರುತುಗಳೇ ಹೊರತು ಹಲಸು ತೇಗಗಳ ಒಳಗಿರುವಂಥ ಬೆಳವಣಿಗೆಯ ಉಂಗುರಗಳಲ್ಲ. ಅದಕ್ಕೆ ಬೆಳೆಯುವ ಕುಡಿ ಒಂದೇ, ಅದೂ ನೆತ್ತಿಯಲ್ಲಿ. ಹಲಸಿನ ಒಂದು ಕೊಂಬೆ ಮುರಿದರೆ ಬೇರೆ ಕಡೆ ಚಿಗುರುತ್ತದೆ. ಅಡಿಕೆಯ ನೆತ್ತಿ ಹೋದರೆ ಮರವೇ ಹೋದಂತೆ.

ಗಾಯದ ವಿಷಯದಲ್ಲೂ ಹೀಗೆಯೇ. ಹಲಸಿಗೋ ಮಾವಿಗೋ ಕತ್ತಿಯೇಟು ಬಿದ್ದರೆ ಅದು ನಮ್ಮ ಚರ್ಮದಂತೆ ಗಾಯವನ್ನು ಮಾಯಿಸಿಕೊಳ್ಳುವುದಿಲ್ಲ. ಕೆಟ್ಟ ಭಾಗದ ಸುತ್ತ ಒಳಗೇ ಗೋಡೆ ಕಟ್ಟಿ, ಅದು ಹರಡದಂತೆ ಮಾಡಿ, ಮೇಲಿನಿಂದ ಹೊಸ ಮರವನ್ನು ಬೆಳೆಸುತ್ತದೆ. ಗಾಯ ಒಳಗೆ ಉಳಿದೇ ಇರುತ್ತದೆ, ಮರ ಅದನ್ನು ದಾಟಿ ಬೆಳೆಯುತ್ತದೆ. ಹತ್ತಲೆಂದು ತೆಂಗಿನ ಮರದಲ್ಲಿ ಕಡಿದ ಮೆಟ್ಟಿಲನ್ನು ನೋಡಿ: ಕಡಿದವನ ಮಗನ ಕಾಲಕ್ಕೂ ಅದು ಹಾಗೆಯೇ ಇರುತ್ತದೆ.

ಒಂದೇ ಕಂಬದ ಮನೆ

ಇದನ್ನೆಲ್ಲ ಹೇಳಿದ್ದು ಅಡಿಕೆಯನ್ನು ಹಳಿಯಲಿಕ್ಕಲ್ಲ. ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳ ಶಾಲಾ ಶುಲ್ಕ, ಮದುವೆಯ ಖರ್ಚು, ಚರ್ಚಿಗೆ ಕೊಟ್ಟ ಕಾಣಿಕೆ ಎಲ್ಲವೂ ಅಡಿಕೆಯಿಂದಲೇ ಬಂದವು. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ನೆಲ ಕಚ್ಚಿದಾಗ ಬೆಳೆಗಾರರು ಒಟ್ಟಾಗಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ಧಾರಣೆಯ ಕಷ್ಟಕ್ಕೆ ಒಗ್ಗಟ್ಟು ಮದ್ದಾಯಿತು.

ಆದರೆ ರೋಗದ ಕಷ್ಟಕ್ಕೆ ಅಂಥ ಮದ್ದು ಸಿಕ್ಕಿಲ್ಲ. ಹಳದಿ ಎಲೆ ರೋಗವನ್ನು ಮೊದಲು ಗುರುತಿಸಿದ್ದು 1914ರಲ್ಲಿ ಮಧ್ಯ ಕೇರಳದಲ್ಲಿ. ನಮ್ಮ ತಾಲೂಕಿನ ಸಂಪಾಜೆ, ಅರಂತೋಡು, ತೊಡಿಕಾನ, ಆಲೆಟ್ಟಿ, ಮರ್ಕಂಜದ ತೋಟಗಳು ಹಲವು ವರ್ಷಗಳಿಂದ ಅದಕ್ಕೆ ತುತ್ತಾಗಿವೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಾಣು ಇದಕ್ಕೆ ಕಾರಣ. ರಸ ಹೀರುವ ಸಣ್ಣ ಜಿಗಿಹುಳುವೊಂದು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಆಹಾರ ಸಾಗುವ ನಾಳಗಳಲ್ಲೇ ಅದು ಮನೆ ಮಾಡುತ್ತದೆ. ಬೇರಿನ ತುದಿ ಕೊಳೆಯುತ್ತದೆ, ಕಾಯಿ ಉದುರುತ್ತದೆ, ಉಳಿದ ಅಡಿಕೆಯ ತಿರುಳು ಕಪ್ಪಾಗುತ್ತದೆ. ರೋಗ ಹಿಡಿದ ಮರವನ್ನು ಗುಣಪಡಿಸುವ ಔಷಧ ಇಲ್ಲ. ಕಾಸರಗೋಡು ಮತ್ತು ವಿಟ್ಲದಲ್ಲಿರುವ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೋಗದ ತೋಟದ ನಡುವೆಯೂ ಹಸಿರಾಗಿ ನಿಂತಿರುವ ಮರಗಳನ್ನು ಹುಡುಕಿ ಅವುಗಳಿಂದ ಸಸಿ ಬೆಳೆಸುವ ಪ್ರಯತ್ನದಲ್ಲಿದ್ದಾರೆ. ಅದು ಭರವಸೆಯ ದಾರಿ, ಆದರೆ ನಿಧಾನದ ದಾರಿ.

ಇಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ರೋಗ ಬಂದದ್ದು ನಮ್ಮ ತಪ್ಪಿನಿಂದಲ್ಲ. ಆದರೆ ರೋಗ ಬಂದಾಗ ಮನೆಗೆ ಮನೆಯೇ ಕುಸಿಯಿತಲ್ಲ, ಅದಕ್ಕೆ ಕಾರಣವೇನು? ಧಾರಣೆ ಏರಿದ ವರ್ಷಗಳಲ್ಲಿ ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಇಟ್ಟೆವು. ಗುಡ್ಡದ ಮಾವು, ಹೆಬ್ಬಲಸು, ಪುನರ್ಪುಳಿಗಳನ್ನು ಕಡಿದು ಅಲ್ಲಿಯೂ ಅಡಿಕೆ ಅಥವಾ ರಬ್ಬರ್ ಇಟ್ಟೆವು. ನಾಲ್ಕು ಕಂಬದ ಮನೆಯನ್ನು ಒಂದೇ ಕಂಬದ ಮೇಲೆ ನಿಲ್ಲಿಸಿದೆವು. ನೆತ್ತಿಯಲ್ಲಿ ಒಂದೇ ಕುಡಿಯಿರುವ ಅಡಿಕೆಯ ಹಾಗೆ ನಮ್ಮ ಸಂಸಾರವೂ ಆಯಿತು.

ಮೂರು ಬಗೆಯ ಒಳಿತು

ಸಂತ ತೋಮಸರು ಒಳಿತನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಬೇರೊಂದಕ್ಕೆ ಸಾಧನವಾಗುವ ಉಪಯುಕ್ತ ಒಳಿತು. ಮನಸ್ಸಿಗೆ ಸಂತೋಷ ಕೊಡುವ ಒಳಿತು. ತನ್ನಲ್ಲಿಯೇ ಯೋಗ್ಯವಾದ, ತನಗಾಗಿಯೇ ಗೌರವಿಸಬೇಕಾದ ಒಳಿತು. ಮರಕ್ಕೆ ಈ ಮೂರನ್ನೂ ಹಚ್ಚಿ ನೋಡೋಣ.

ಮೊದಲನೆಯದು ಉಪಯೋಗ. ವ್ಯಾಪಾರಿ ಲೆಕ್ಕ ಹಾಕುವುದು ಇದರಲ್ಲಿಯೂ ಒಂದು ಭಾಗವನ್ನು ಮಾತ್ರ, ಅಂದರೆ ನಾಟಾದ ಅಳತೆಯನ್ನು. ಆಲೆಟ್ಟಿಯ ಆ ತಾಯಿಯ ಲೆಕ್ಕ ದೊಡ್ಡದಿತ್ತು. ಅತ್ತೆಯ ಕಾಲದಲ್ಲಿ ಆಟಿ ತಿಂಗಳಲ್ಲಿ ಅಕ್ಕಿ ಮುಗಿದಾಗ ಮನೆಯನ್ನು ಸಾಕಿದ್ದು ಭರಣಿಯಲ್ಲಿದ್ದ ಉಪ್ಪು ಸೊಳೆ ಮತ್ತು ಹಲಸಿನ ಬೀಜ ಎಂದು ಅವರು ನೆನಪಿಸಿಕೊಂಡರು. ಎಳೆಯ ಗುಜ್ಜೆ ಪಲ್ಯಕ್ಕೆ, ಬೆಳೆದದ್ದು ಹಪ್ಪಳಕ್ಕೆ, ಹಣ್ಣು ಗಟ್ಟಿಗೆ, ಎಲೆ ಕಡುಬಿನ ಕೊಟ್ಟೆಗೆ, ಉಳಿದ ಎಲೆ ಆಡಿಗೆ, ಒಣಗಿದ ರೆಂಬೆ ಒಲೆಗೆ. ಮರದಲ್ಲಿ ಬಿಡುವ ಹಣ್ಣುಗಳಲ್ಲಿ ಹಲಸೇ ಅತಿ ದೊಡ್ಡದು. ಒಂದೊಂದು ಹಣ್ಣು 30 ಕಿಲೋಗೂ ಹೆಚ್ಚು ತೂಗುವುದುಂಟು. ಅಷ್ಟು ಭಾರವನ್ನು ತೆಳ್ಳಗಿನ ರೆಂಬೆ ತಾಳದು, ಆದ್ದರಿಂದಲೋ ಏನೋ ಹಲಸು ಕಾಂಡದಲ್ಲಿಯೇ ಕಾಯಿ ಬಿಡುತ್ತದೆ. ಕೊಳೆತು ಹೋಗುತ್ತಿದ್ದ ಈ ಹಣ್ಣನ್ನು ಗಡಿಯಾಚೆಯ ಕೇರಳ 2018ರಲ್ಲಿ ತನ್ನ ರಾಜ್ಯದ ಹಣ್ಣೆಂದು ಘೋಷಿಸಿತು. ಪುತ್ತೂರಿನಿಂದ ಹೊರಡುವ 'ಅಡಿಕೆ ಪತ್ರಿಕೆ' ಅಡಿಕೆಯ ಹೆಸರಿಟ್ಟುಕೊಂಡೇ ವರ್ಷಗಟ್ಟಲೆ ಹಲಸಿನ ಪರವಾಗಿ ಬರೆಯುತ್ತಾ ಬಂದಿದೆ.

ತೋಟಕ್ಕೂ ಕಾಡುಮರ ಬೇಕು ಎಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ವರ್ಗ ಜಾಗದ ಗಡಿಯಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ತರಗೆಲೆ, ಕಟ್ಟಿಗೆ ತರುವ ಕುಮ್ಕಿ ಸವಲತ್ತು ಇದ್ದದ್ದು ಇದಕ್ಕಾಗಿಯೇ. ಕುಮ್ಕಿಯ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ತೋಟಕ್ಕೆ. ಮರದ ಕೆಳಗೆ ಬಿದ್ದ ತರಗೆಲೆ ಮಳೆಹನಿಯ ಹೊಡೆತ ತಡೆದು ನೀರನ್ನು ನೆಲಕ್ಕೆ ಇಂಗಿಸುತ್ತದೆ. ಬೇಸಗೆಯ ಒರತೆಯಲ್ಲಿ ಆ ನೀರಿಗೂ ಪಾಲುಂಟು. ಹಾಗೆಂದು ಮರಕ್ಕೆ ಇಲ್ಲದ ಶಕ್ತಿಯನ್ನು ಹೊರಿಸಬಾರದು. 2018ರ ಆಗಸ್ಟ್ ತಿಂಗಳ ವಿಪರೀತ ಮಳೆಗೆ ಕೊಡಗಿನ ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳು ಕುಸಿದು ಜೀವಹಾನಿಯಾಯಿತು. ಮನೆ ಕಳೆದುಕೊಂಡವರು ಸಂಪಾಜೆ, ಅರಂತೋಡಿನ ಶಿಬಿರಗಳಿಗೆ ಬಂದರು. ಆಗ ಮರವಿದ್ದ ಇಳಿಜಾರುಗಳೂ ಜಾರಿದವು. ಬೇರು ಮಣ್ಣನ್ನು ಹಿಡಿಯುತ್ತದೆ, ಆದರೆ ಅದಕ್ಕೂ ಒಂದು ಮಿತಿಯಿದೆ. ಗುಡ್ಡದ ಬುಡವನ್ನು ನಾವೇ ಕಡಿದರೆ ಮೇಲಿನ ಬೇರು ಏನು ಮಾಡೀತು?

ಎರಡನೆಯದು ಸಂತೋಷ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಏದೆನ್ ತೋಟದಲ್ಲಿ ಮರಗಳನ್ನು ಬೆಳೆಯಿಸಿದ ವಿವರವಿದೆ. ಅಲ್ಲಿ ಮರಗಳು ನೋಟಕ್ಕೆ ಚೆಂದವೆಂಬುದು ಮೊದಲು ಬರುತ್ತದೆ, ಊಟಕ್ಕೆ ಒಳ್ಳೆಯವೆಂಬುದು ಅನಂತರ. ಈ ಕ್ರಮವನ್ನು ನಾವು ಗಮನಿಸುವುದೇ ಇಲ್ಲ. ರೆಂಜೆಯ ಮರದ ಕೆಳಗೆ ಬೆಳಗ್ಗೆ ಹೂ ಹೆಕ್ಕಿದ ನೆನಪು ಯಾರಿಗಿಲ್ಲ? ಮೊಂತಿ ಹಬ್ಬಕ್ಕೆ ಒಂಬತ್ತು ದಿನ ಮಾತೆಗೆ ಹೂ ಅರ್ಪಿಸುವ ನಮ್ಮ ಮಕ್ಕಳಿಗೆ ಅಂಗಡಿಯ ಹೂವು ಮಾತ್ರ ಗೊತ್ತಿದ್ದರೆ ಅವರು ಕಳೆದುಕೊಂಡದ್ದು ಸಣ್ಣದಲ್ಲ.

ಮೂರನೆಯದು ತನ್ನಲ್ಲಿಯೇ ಇರುವ ಯೋಗ್ಯತೆ. ನಮಗೆ ಪ್ರಯೋಜನವಿಲ್ಲದ ಮರಕ್ಕೂ ಬೆಲೆಯುಂಟೇ? ಉಂಟು ಎನ್ನುತ್ತದೆ ನಮ್ಮ ಧರ್ಮಸಭೆ. ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೊ ಸೀ' ಎಂಬ ವಿಶ್ವಪರಿಪತ್ರದಲ್ಲಿ ಇದನ್ನು ವಿವರಿಸಿದ್ದಾರೆ. ಸೃಷ್ಟಿಯ ಒಂದೊಂದು ಜೀವಿಗೂ ದೇವರ ಮುಂದೆ ತನ್ನದೇ ಆದ ಮೌಲ್ಯವಿದೆ, ಮನುಷ್ಯನ ಲಾಭಕ್ಕೆ ಬರುವುದರಿಂದ ಮಾತ್ರ ಅದಕ್ಕೆ ಬೆಲೆ ಬರುವುದಲ್ಲ ಎಂಬುದು ಅವರ ಬೋಧನೆಯ ತಿರುಳು.

ಶ್ರೀಗ್ರಂಥದ ತೋಟಗಾರ

ಧರ್ಮೋಪದೇಶಕಾಂಡದ 20ನೆಯ ಅಧ್ಯಾಯದಲ್ಲಿ ಯುದ್ಧದ ನಿಯಮಗಳಿವೆ. ಪಟ್ಟಣವನ್ನು ಎಷ್ಟು ದಿನ ಮುತ್ತಿಗೆ ಹಾಕಿದರೂ ಅದರ ಹಣ್ಣಿನ ಮರಗಳಿಗೆ ಕೊಡಲಿ ಹಾಕಬಾರದು ಎಂಬ ಕಟ್ಟಳೆ ಅಲ್ಲಿದೆ. ಹಣ್ಣು ತಿನ್ನಬಹುದು, ಮರ ಕಡಿಯಬಾರದು. ಹಣ್ಣು ಕೊಡದ ಮರಗಳನ್ನು ಅಗತ್ಯಕ್ಕೆ ಕಡಿಯಲು ಅಪ್ಪಣೆಯಿದೆ. ಅಂದರೆ ಶ್ರೀಗ್ರಂಥ ಮರ ಕಡಿಯುವುದೇ ಪಾಪ ಎನ್ನುವುದಿಲ್ಲ. ಸಂತ ಜೋಸೆಫರು ಬಡಗಿಯಾಗಿದ್ದರು, ಕಡಿದ ಮರದಿಂದಲೇ ಪವಿತ್ರ ಕುಟುಂಬದ ಹೊಟ್ಟೆ ತುಂಬಿತು. ಕೋಪದ ಭರದಲ್ಲಿ, ಕಷ್ಟದ ಭರದಲ್ಲಿ, ನಾಳೆಯ ಅನ್ನವನ್ನು ಇಂದು ಕಡಿಯಬೇಡ ಎಂಬುದೇ ಆ ಕಟ್ಟಳೆಯ ಅರ್ಥ. ಸಾಲವೂ ಒಂದು ಮುತ್ತಿಗೆಯಲ್ಲವೇ?

ಸಂತ ಲೂಕರ ಶುಭಸಂದೇಶದಲ್ಲಿ ಪ್ರಭು ಯೇಸು ಹೇಳಿದ ಸಾಮತಿ ನಿಮಗೆ ಗೊತ್ತು. ಮೂರು ವರ್ಷ ಫಲ ಕೊಡದ ಅಂಜೂರದ ಮರವನ್ನು ಕಡಿದುಬಿಡು ಎನ್ನುತ್ತಾನೆ ಯಜಮಾನ. ಇನ್ನೊಂದು ವರ್ಷ ಬಿಡಿ, ಬುಡ ಅಗೆದು ಗೊಬ್ಬರ ಹಾಕುತ್ತೇನೆ, ಆಮೇಲೂ ಫಲ ಬಾರದಿದ್ದರೆ ಕಡಿಯೋಣ ಎನ್ನುತ್ತಾನೆ ತೋಟಗಾರ. ಈ ತೋಟಗಾರ ಫಲ ಬೇಡವೆನ್ನಲಿಲ್ಲ. ಬರೀ ಕಾಯೋಣ ಎಂದೂ ಹೇಳಲಿಲ್ಲ. ತಾನು ದುಡಿಯುತ್ತೇನೆ, ಕಾಲಾವಕಾಶ ಕೊಡಿ ಎಂದ. ಮರದ ಸ್ವಭಾವ ಬಲ್ಲವನ ಮಾತು ಅದು.

ನನ್ನದೊಂದು ತಪ್ಪು

ಉಪದೇಶ ಮಾಡುವವನು ತನ್ನ ತಪ್ಪನ್ನೂ ಹೇಳಬೇಕು. ಹಲವು ವರ್ಷಗಳ ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದಲ್ಲಿ ಚರ್ಚಿನ ಮುಂದೆ ದೊಡ್ಡ ಕಾಟುಮಾವಿನ ಮರವಿತ್ತು. ವಾಹನ ನಿಲ್ಲಿಸಲು ಜಾಗವಿಲ್ಲ, ಎಲೆ ಗುಡಿಸಿ ಸಾಕಾಗುತ್ತದೆ ಎಂಬ ಮಾತು ಬಂತು. ಅನುಮತಿಯ ಕಾಗದ ಸಿಕ್ಕಿತು, ನಾನೇ ಸಹಿ ಹಾಕಿದೆ. ಮರ ಹೋಗಿ ಇಂಟರ್‌ಲಾಕ್ ಬಂತು. ಮುಂದಿನ ಭಾನುವಾರ ಪೂಜೆ ಮುಗಿದು ಹೊರಗೆ ಬಂದಾಗ ನನಗೆ ತಿಳಿಯಿತು: ಆ ಮರದ ಕೆಳಗೆ ನಿಂತು ಹತ್ತು ನಿಮಿಷ ಸುಖದುಃಖ ಮಾತಾಡುತ್ತಿದ್ದ ಹಿರಿಯರು ಬಿಸಿಲಿಗೆ ಹೆದರಿ ನೇರವಾಗಿ ಮನೆಗೆ ನಡೆದರು. ಅಲ್ಲಿ ವಾಹನಗಳಿಗೆ ಜಾಗ ಸಿಕ್ಕಿತು, ಜನರಿಗೆ ಜಾಗ ತಪ್ಪಿತು. ಆ ಮರ ನಮ್ಮ ಧರ್ಮಕೇಂದ್ರವನ್ನು ಒಟ್ಟಿಗೆ ನಿಲ್ಲಿಸುತ್ತಿತ್ತು ಎಂಬುದನ್ನು ನಾನು ಯಾವ ಲೆಕ್ಕದಲ್ಲೂ ಸೇರಿಸಿರಲಿಲ್ಲ. ಅಷ್ಟು ದೊಡ್ಡ ಮಾವಿಗೆ ಬದಲಾಗಿ ನಾನು ನೆಟ್ಟ ಸಸಿ ಆ ನೆರಳನ್ನು ಕೊಡುವ ಹೊತ್ತಿಗೆ ಅಂದಿನ ಹಿರಿಯರು ಯಾರೂ ಇರುವುದಿಲ್ಲ.

ಮನೆಯಲ್ಲಿ ಏನು ಮಾಡಬಹುದು?

1. ಮರಗಳ ಹೆಸರು ಕಲಿಯೋಣ. ಹೆಸರು ಗೊತ್ತಿಲ್ಲದ್ದನ್ನು ಕಡಿಯುವುದು ಸುಲಭ. ಆಟಿ ಅಮಾವಾಸ್ಯೆಯ ದಿನ ನಮ್ಮ ನೆರೆಯವರು ಹಾಲೆ ಮರದ ತೊಗಟೆ ತಂದು ಕಷಾಯ ಕುಡಿಯುತ್ತಾರೆ. ಗುರುತು ತಪ್ಪಿ ಕಾಸರ್ಕನ ಮರದ ತೊಗಟೆ ತಂದರೆ ಮದ್ದಿನ ಬದಲು ವಿಷ ಕುಡಿದಂತೆ. ಮರ ಗುರುತಿಸುವ ಹಿರಿಯರು ಇರುವಾಗಲೇ ಮಕ್ಕಳು ಅವರ ಜೊತೆ ಗುಡ್ಡಕ್ಕೆ ಹೋಗಲಿ. ಇದು ಗುರುಗಳಿಗೆ ಸಲ್ಲದ ಕೆಲಸವೂ ಅಲ್ಲ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ 'ಹೋರ್ತುಸ್ ಮಲಬಾರಿಕುಸ್' ಎಂಬ ಸಸ್ಯಗ್ರಂಥಕ್ಕೆ ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಕಾರಣನಾದರೂ, ಕಾರ್ಮೆಲ್ ಸಭೆಯ ಫಾದರ್ ಮತ್ತಾಯಸರು, ಇಟ್ಟಿ ಅಚ್ಯುತನ್ ಎಂಬ ವೈದ್ಯರು, ಮೂವರು ಕೊಂಕಣಿ ವೈದ್ಯರು ಅದಕ್ಕಾಗಿ ದುಡಿದರು. ನಮ್ಮ ಕಾಲದಲ್ಲಿ ಯೇಸುಸಭೆಯ ಫಾದರ್ ಸೆಸಿಲ್ ಸಲ್ಡಾನ್ಹಾ ಅವರು ಹಾಸನ ಜಿಲ್ಲೆಯ ಸಸ್ಯಗಳ ಬಗ್ಗೆ ಬರೆದ ದೊಡ್ಡ ಗ್ರಂಥ 1976ರಲ್ಲಿ ಬಂತು.

2. ಕಡಿಯಲೇಬೇಕಾದರೆ ಮೊದಲು ನೆಡೋಣ. ಕಡಿದ ಮೇಲೆ ನೆಡುತ್ತೇನೆ ಎಂದವರು ನೆಟ್ಟದ್ದು ಕಡಿಮೆ. ಎರಡು ವರ್ಷ ಮೊದಲೇ ಸಸಿ ಇಟ್ಟು ಅದು ಬೇರೂರಿದ ಮೇಲೆ ಹಳೆಯದನ್ನು ತೆಗೆಯುವುದು ಜಾಣತನ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಂತೆ ಹಲವು ಜಾತಿಯ ಮರಗಳನ್ನು ಸ್ವಂತ ಜಾಗದಲ್ಲಿ ಕಡಿಯುವುದಕ್ಕೂ ಅನುಮತಿ ಬೇಕು. ಕೊಡಲಿ ಎತ್ತುವ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ.

3. ರೋಗದ ತೋಟದಲ್ಲಿ ಪುನಃ ಬರೀ ಅಡಿಕೆ ಬೇಡ. ಕಾಳುಮೆಣಸು, ಕೊಕ್ಕೊ, ಜಾಯಿಕಾಯಿ, ತೆಂಗು, ಬಾಳೆ, ಹಲಸು ಎಲ್ಲವೂ ಸ್ವಲ್ಪ ಸ್ವಲ್ಪ ಇರಲಿ. ಹಲಸಿನ ಮೈಗೆ ಮೆಣಸಿನ ಬಳ್ಳಿ ಚೆನ್ನಾಗಿ ಹತ್ತುತ್ತದೆ. ನಿಮ್ಮ ಜಾಗಕ್ಕೆ ಯಾವುದು ಹೊಂದುತ್ತದೆ ಎಂಬುದನ್ನು ತೋಟಗಾರಿಕೆ ಇಲಾಖೆಯವರಲ್ಲಿ, ಅನುಭವಸ್ಥ ನೆರೆಯವರಲ್ಲಿ ಕೇಳಿ ತಿಳಿಯಿರಿ.

4. ಸಾಲವನ್ನು ಮುಚ್ಚಿಡಬೇಡಿ. ಸಹಕಾರಿ ಸಂಘಕ್ಕೆ ಹೋಗಿ ತೋಟದ ಸ್ಥಿತಿ ತಿಳಿಸಿ, ಕಂತು ಬದಲಿಸಲು ಸಾಧ್ಯವೇ ಎಂದು ಕೇಳಿ. ನಾಚಿಕೆಯಿಂದ ಮನೆಯೊಳಗೆ ಕುಳಿತವರು ಅವಸರದಲ್ಲಿ ಎಲ್ಲವನ್ನೂ ಮಾರುತ್ತಾರೆ.

5. ಜ್ಞಾನಸ್ನಾನ, ಮದುವೆ, ಹಿರಿಯರ ವರ್ಷಾಂತ್ಯದ ನೆನಪು, ಪ್ರತಿಯೊಂದಕ್ಕೂ ಒಂದು ಮರ ನೆಡುವ ಪದ್ಧತಿ ಮನೆಯಲ್ಲಿ ಬರಲಿ. ನೆಟ್ಟವರ ಹೆಸರಿನಿಂದಲೇ ಮಕ್ಕಳು ಆ ಮರವನ್ನು ಕರೆಯಲಿ.

ಆ ಮನೆಯ ತೀರ್ಮಾನ

ಎರಡು ವಾರ ಬಿಟ್ಟು ನಾನು ಮತ್ತೆ ಆ ಮನೆಗೆ ಹೋದೆ. ಇಷ್ಟೆಲ್ಲ ಪಾಠ ಹೇಳಲಿಲ್ಲ. ಕಾಗದ ಪೆನ್ನು ತಂದು ಗಂಡ ಹೆಂಡತಿ ಇಬ್ಬರನ್ನೂ ಕುಳ್ಳಿರಿಸಿ ಲೆಕ್ಕ ಬರೆಯಲು ಹೇಳಿದೆ. ವ್ಯಾಪಾರಿ ಹೇಳಿದ ಮೊತ್ತ ಒಂದು ವರ್ಷದ ಬಡ್ಡಿಗೆ ಸರಿಹೋಗುತ್ತಿತ್ತು, ಅಸಲು ಹಾಗೆಯೇ ಉಳಿಯುತ್ತಿತ್ತು. ಆ ಕಡೆ ಆ ತಾಯಿ ಹೇಳುತ್ತಾ ಹೋದದ್ದನ್ನು ಬರೆದಾಗ ಕಾಗದದ ಎರಡು ಮಗ್ಗುಲೂ ತುಂಬಿತು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮರ ಮಾರಿದರೆ ಮರವೂ ಇಲ್ಲ, ಸಾಲವೂ ಹೋಗುವುದಿಲ್ಲ ಅಂತಾಯ್ತು" ಎಂದರು.

ಅವರು ಸೊಸೈಟಿಗೆ ಹೋಗಿ ಮಾತಾಡಿದರು. ಕಂತನ್ನು ಸ್ವಲ್ಪ ಮುಂದೂಡಿದರು. ಕೊಟ್ಟಿಗೆಯ ಮೇಲೆ ವಾಲಿದ್ದ ಇನ್ನೊಂದು ಪೊಳ್ಳು ಮರವನ್ನು ಅನುಮತಿ ಪಡೆದು ತೆಗೆದರು, ಅದರ ದುಡ್ಡು ಕೈಸೇರಿತು. ಅಂಗಳದ ಹಲಸು ಉಳಿಯಿತು. ತೋಟದಲ್ಲಿ ಸತ್ತ ಅಡಿಕೆಯ ಸಾಲಿನಲ್ಲಿ ಅದೇ ಹಲಸಿನ ಬೀಜದಿಂದ ಎಬ್ಬಿಸಿದ ಸಸಿಗಳನ್ನು ಇಟ್ಟಿದ್ದಾರೆ. ಅವರ ಕಷ್ಟ ಮುಗಿದಿದೆ ಎಂದು ನಾನು ಹೇಳಲಾರೆ. ಊರು ಬಿಟ್ಟು ದುಡಿಯಲು ಹೋದ ಮಗ ಇನ್ನೂ ಹೊರಗೆಯೇ ಇದ್ದಾನೆ. ಅವನು ಫೋನು ಮಾಡಿ, ತಾನು ಬರುವ ಹೊತ್ತಿಗೆ ಸಸಿ ಎಷ್ಟು ಎತ್ತರವಾದೀತು ಎಂದು ಕೇಳಿದನಂತೆ.

ಬೀಜದಿಂದ ಎದ್ದ ಹಲಸು ಫಲ ಕೊಡಲು ವರ್ಷಗಳು ಬೇಕು. ನೆಡುವ ಹಿರಿಯರಿಗೆ ಅದು ಗೊತ್ತಿದೆ. ಅವರ ಅಜ್ಜನಿಗೂ ಗೊತ್ತಿತ್ತು. ತಾನು ತಿನ್ನದ ಹಣ್ಣಿಗಾಗಿ ನೀರೆರೆಯುವ ಆ ಮನಸ್ಸನ್ನು ದೇವರು ನಮ್ಮೆಲ್ಲರ ಕುಟುಂಬಗಳಿಗೂ ಕರುಣಿಸಲಿ.

ಕುಟುಂಬದಲ್ಲಿ ಕುಳಿತು ಮಾತಾಡಲು:

ನಮ್ಮ ಅಂಗಳದ, ತೋಟದ ಮರಗಳಲ್ಲಿ ಎಷ್ಟರ ಹೆಸರು ನಮ್ಮ ಮಕ್ಕಳಿಗೆ ಗೊತ್ತು? ಅವುಗಳನ್ನು ನೆಟ್ಟವರು ಯಾರು?

ನಮ್ಮ ಮನೆಯ ಆದಾಯ ಎಷ್ಟು ಕಂಬಗಳ ಮೇಲೆ ನಿಂತಿದೆ?

ಕಳೆದ ಹತ್ತು ವರ್ಷಗಳಲ್ಲಿ ನಾವು ಕಡಿದ ಮರಗಳೆಷ್ಟು, ನೆಟ್ಟು ಉಳಿಸಿದ ಮರಗಳೆಷ್ಟು?

ಬರುವ ಮಳೆಗಾಲದಲ್ಲಿ ಯಾರ ನೆನಪಿಗಾಗಿ, ಯಾವ ಮರವನ್ನು, ಎಲ್ಲಿ ನೆಡೋಣ?